ಬಿಡು ಮೇಡಂ ಮತ್ತು ಕಾಟಯ್ಯನ ಮಂದೆ

ಹೊಸದುರ್ಗದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಯಶೋದಾಗೆ ಹುಡುಗರು ಇಟ್ಟ ಹೆಸರು ‘ಬಿಡು ಮೇಡಂ’. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಾರೆ. ಅವಳಿಗೂ ಅದು ಗೊತ್ತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಒಳಗೊಳಗೇ ಅವಳಿಗೆ ಆ ಹೆಸರಿನ ಮೇಲೆ ಕೊಂಚ ಜಂಬವೇ ಇತ್ತೆಂದರೂ ಸುಳ್ಳಲ್ಲ.

ಹೆಸರು ಬಂದದ್ದು ಒಂದು ಹಳೆಯ ಕಾದಂಬರಿಯಿಂದ. ಒಂದು ಊರ ಕೆರೆ, ಆ ಕೆರೆಯ ತೂಬು ಕಾಯುವ ನೀರಗಂಟಿ ರುದ್ರಣ್ಣ, ಅವನ ಹೆಂಡತಿ, ಅವನ ಜಗಳಗಳು: ಇಷ್ಟೇ ಕತೆ. ಓದಿದವರೆಲ್ಲ ಕೆರೆಯ ಬಗ್ಗೆ ಬರೆದರು, ರುದ್ರಣ್ಣನ ಹಟದ ಬಗ್ಗೆ ಬರೆದರು. ಯಶೋದಾ ಮಾತ್ರ ಆ ಪುಸ್ತಕದಲ್ಲಿ ‘ಬಿಡು’ ಎನ್ನುವ ಒಂದು ಕ್ರಿಯಾಪದದ ಬೆನ್ನು ಹತ್ತಿದಳು. ನೀರಗಂಟಿ ಗದ್ದೆಗೆ ನೀರು ಬಿಡುತ್ತಾನೆ. ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಏರಿಯ ಮೇಲಿನ ಹೊಂಗೆ ಹೂ ಬಿಡುತ್ತದೆ, ಮಾರನೆಯ ಪುಟದಲ್ಲಿ ಮಳೆ ಬಿಡುತ್ತದೆ. ಹೂ ಬಿಟ್ಟರೆ ಬಂತು ಅಂತ, ಮಳೆ ಬಿಟ್ಟರೆ ಹೋಯಿತು ಅಂತ, ಎರಡಕ್ಕೂ ಒಂದೇ ಮಾತು. ಮುದುಕಿ ಗುಟ್ಟು ಬಾಯಿ ಬಿಡುವುದಿಲ್ಲ, ಮಗು ಕಣ್ಣು ಬಿಡುತ್ತದೆ, ಸಾಲಗಾರ ಊರು ಬಿಡುತ್ತಾನೆ. ಯಾರಿಗಾದರೂ ದುಃಖವಾದಾಗ ಪಕ್ಕದಲ್ಲಿ ಕೂತವರು ಇನ್ನೇನೂ ತೋಚದೆ ‘ಹೋಗಲಿ ಬಿಡು’ ಅನ್ನುತ್ತಾರೆ. ಇಷ್ಟನ್ನೂ ಹಿಡಿದು ಅವಳು ಒಂದು ದೊಡ್ಡ ಲೇಖನ ಬರೆದಳು, ಅದು ಅಚ್ಚಾಯಿತು, ಹೆಸರೂ ಅಂಟಿಕೊಂಡಿತು.

“ಮೇಡಂ, ಜನ ಕಾದಂಬರಿ ನಾಯಕನ ಮೇಲೆ ಬರೀತಾರೆ. ನೀವು ಒಂದು ಕ್ರಿಯಾಪದ ಹಿಡ್ಕಂಡು ಕುಂತಿದೀರಲ್ಲ,” ಎಂದು ಇತಿಹಾಸದ ಜಯಕುಮಾರ್ ಸ್ಟಾಫ್ ರೂಮಿನಲ್ಲಿ ಕೆಣಕಿದ್ದರು.

“ನಾಯಕ ಕೊನೇ ಪುಟದಲ್ಲಿ ಸಾಯ್ತಾನೆ ಸರ್. ಕ್ರಿಯಾಪದ ಸಾಯಲ್ಲ,” ಎಂದಿದ್ದಳು ಯಶೋದಾ.

ಹೇಳುವಾಗ ಅದು ಬರೀ ಬಾಯಿಮಾತಿನ ಜಾಣತನವಾಗಿತ್ತು. ಅದೇ ಕ್ರಿಯಾಪದವನ್ನು ನೆಚ್ಚಿಕೊಂಡು ಅಪ್ಪನ ಎದುರು ಕೂರುವ ಕಾಲ ಬರುತ್ತದೆ ಎಂದು ಅವಳಿಗೇನು ಕನಸು ಬಿದ್ದಿತ್ತೇ?

ಅಪ್ಪ ಕಾಟಯ್ಯ ಬಾಗೂರಿನ ಆಚೆಯ ಹಟ್ಟಿಯವನು, ಕುರಿ ಕಾಯುವವರ ಮನೆತನದ ಹಿರಿಯ. ಹೊಲ ಸ್ವಲ್ಪ, ಕುರಿ ಬಹಳ, ಮಾತು ಅದಕ್ಕಿಂತ ಬಹಳ. ‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎನ್ನುವ ಗಾದೆಯನ್ನು ಅವನನ್ನು ನೋಡಿಯೇ ಮಾಡಿರಬೇಕು ಎಂದು ಹಟ್ಟಿಯವರು ನಗುತ್ತಿದ್ದರು. ಸಂತೆಗೆ ಹೋದರೆ ದಲ್ಲಾಳಿಯನ್ನೇ ಮಾತಿನಲ್ಲಿ ಸುಸ್ತು ಮಾಡಿ ಬರುತ್ತಿದ್ದ. ಬೆಳಿಗ್ಗೆ ಕುರಿರೊಪ್ಪದ ಮುಂದೆ ನಿಂತು ‘ಬಿಡ್ರಲೇ’ ಎಂದು ಅವನು ಕೂಗಿದರೆ ಅರ್ಧ ಹಟ್ಟಿ ಏಳುತ್ತಿತ್ತು. ರೊಪ್ಪಕ್ಕೆ ಅಡ್ಡ ಇಟ್ಟ ಮುಳ್ಳಿನ ತಡಿಕೆಯನ್ನು ಸರಿಸಿ ಮಂದೆಯನ್ನು ಮೇವಿಗೆ ಬಿಡುವುದು ಹಿರಿಯನ ಮಾತಿನಿಂದಲೇ ಆಗಬೇಕು. ಆ ಮನೆತನದಲ್ಲಿ ಅದು ಮುತ್ತಜ್ಜನ ಕಾಲದಿಂದ ಬಂದ ರೂಢಿ.

ಒಬ್ಬಳೇ ಮಗಳನ್ನು ಅವನು ಸಿರಿಗೆರೆಯ ಹಾಸ್ಟೆಲಿನಲ್ಲಿ ಬಿಟ್ಟು ಓದಿಸಿದ. ‘ಹೆಣ್ಣುಡುಗಿ ಅಷ್ಟು ದೂರ ಯಾಕಪ್ಪ’ ಎಂದವರಿಗೆ, “ಕುರಿ ದೂರ ಹೋದಷ್ಟೂ ಒಳ್ಳೇ ಮೇವು ಸಿಗ್ತೈತೆ” ಎಂದು ಬಾಯಿ ಮುಚ್ಚಿಸಿದ್ದ. ಎಂ.ಎ. ಓದುವಾಗ ರಜೆಗೆ ಬಂದ ಯಶೋದಾ ಆ ನೀರಗಂಟಿಯ ಕಾದಂಬರಿಯನ್ನು ರೊಪ್ಪದ ಪಕ್ಕದ ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಳು, ಪರೀಕ್ಷೆಗೆಂದು. ಕಾಟಯ್ಯ ಕುರಿಯ ಗೊರಸು ನೋಡುತ್ತ ಕೇಳುತ್ತಿದ್ದ. ಓದು ಬರೆಹ ಬಾರದ ಮನುಷ್ಯ, ಆದರೆ ಒಮ್ಮೆ ಕೇಳಿದ್ದನ್ನು ಮರೆಯುವವನಲ್ಲ. ರುದ್ರಣ್ಣನ ಜೊತೆ ಪುಸ್ತಕದ ಹೊರಗಿನಿಂದಲೇ ಜಗಳ ಆಡುತ್ತಿದ್ದ: “ಆ ಪಟೇಲನ ಮಾತು ಕೇಳಬ್ಯಾಡ ಅಂತ ಹೇಳವ್ವ ಅವನಿಗೆ.” ಪುಸ್ತಕದೊಳಗೆ ಹೇಳಿ ಕಳಿಸುವುದು ಹೇಗೆ ಎಂದು ಮಗಳು ಕೇಳಿದರೆ, “ಓದೋಳು ನೀನಲ್ವಾ, ನೀನೇ ಹೇಳು” ಅನ್ನುತ್ತಿದ್ದ.

ಇಷ್ಟು ಮಾತಿನ ಮಲ್ಲನ ಬಾಯಿಂದ ಒಂದು ಮಾತು ಮಾತ್ರ ಯಾವತ್ತೂ ಬಂದಿರಲಿಲ್ಲ. ಅದು ಹೆಂಡತಿಯ ಹೆಸರು. ಆ ಹಟ್ಟಿಯ ಹಳಬರಲ್ಲಿ ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ, ಹೆಂಡತಿಯ ಹೆಸರನ್ನು ಗಂಡನೂ ಹೇಳುವುದಿಲ್ಲ, ಹೇಳಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿಕೆ. ಅವಳನ್ನು ಕಾಟಯ್ಯ ಕರೆಯುತ್ತಿದ್ದದ್ದು ‘ಇವಳೇ’ ಎಂದು. ರೇಷನ್ ಕಾರ್ಡಿನವರು ಬಂದು ಹೆಂಡತಿಯ ಹೆಸರು ಕೇಳಿದಾಗ, “ಅಲ್ಲೇ ನಿಂತವಳಲ್ಲ, ಅವಳನ್ನೇ ಕೇಳ್ರಿ” ಎಂದು ಕೈ ತೋರಿಸಿದ್ದ. ಮುದ್ದಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ತನ್ನ ಹೆಸರು ತಾನೇ ಹೇಳಿಕೊಂಡಿದ್ದಳು. ಕಾದಂಬರಿಯ ನೀರಗಂಟಿಯೂ ಹೀಗೆಯೇ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವನು ಹೆಂಡತಿಯನ್ನು ‘ಲೇ’ ಎಂದು ಕರೆದದ್ದು ಬಿಟ್ಟರೆ ಬೇರೆ ಯಾವ ಹೆಸರಿನಿಂದಲೂ ಕರೆದೇ ಇಲ್ಲ.

ಆ ವರ್ಷ ಕಾರ್ತಿಕದಲ್ಲಿ ಕಾಟಯ್ಯನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಚಿತ್ರದುರ್ಗದ ಆಸ್ಪತ್ರೆಯವರು ಜೀವ ಉಳಿಸಿದರು, ಕಾಲಿಗೂ ಬರಬರುತ್ತ ಸ್ವಲ್ಪ ಶಕ್ತಿ ಬಂತು. ಮಾತು ಮಾತ್ರ ಬರಲಿಲ್ಲ. ಉಳಿದದ್ದು ಒಂದೇ ಒಂದು: ‘ಬಿಡು’. ನೀರು ಬೇಕಾದರೂ ಬಿಡು, ನೊಣ ಕೂತರೂ ಬಿಡು, ಮಗಳು ಬಂದರೆ ಕಣ್ಣಲ್ಲಿ ನೀರು ತುಂಬಿಕೊಂಡು ಅದೇ ಬಿಡು. ಅಷ್ಟೊಂದು ಮಾತಿದ್ದ ಮನುಷ್ಯ ಒಂದೇ ಮಾತಿನಲ್ಲಿ ಸಿಕ್ಕಿಬಿದ್ದದ್ದನ್ನು ನೋಡಿ ಯಶೋದಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಅವಳ ಲೇಖನದಲ್ಲಿ ಅಷ್ಟೆಲ್ಲ ಬಗೆಯ ಬಿಡು ಇತ್ತು, ಇಂಥದ್ದೊಂದು ಇರಲಿಲ್ಲ.

ಮನೆಗೆ ಕರೆತಂದ ದಿನವೇ ಎಡವಟ್ಟಾಯಿತು. ಕಾಟಯ್ಯ ರೊಪ್ಪದ ಕಡೆ ಮುಖ ಮಾಡಿ “ಬಿಡು, ಬಿಡು” ಎಂದು ಒಂದೇ ಸಮ ಹಲುಬಿದ. ಅವನ ತಮ್ಮ ಗೋವಿಂದಪ್ಪ ಒಳ್ಳೆಯವನೇ, ಆದರೆ ‘ಎತ್ತು ಈಯಿತು’ ಎಂದರೆ ‘ಕೊಟ್ಟಿಗೆಗೆ ಕಟ್ಟು’ ಅನ್ನುವ ಜಾತಿ. ಜುಂಜಪ್ಪ ದೇವರಿಗೆ ಟಗರು ಬಿಡುತ್ತೇನೆಂದು ಅಣ್ಣ ಹರಕೆ ಹೊರುತ್ತಿದ್ದಾನೆ ಎಂದೇ ಅವನು ತಿಳಿದ. ಮಂದೆಯಲ್ಲೇ ಮೇಲಾದ ಕರಿ ಟಗರಿನ ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಕೈ ಮುಗಿದು, ದೇವರ ಹೆಸರಿನಲ್ಲಿ ಬಿಟ್ಟೇಬಿಟ್ಟ. ಆಮೇಲೆ ನೋಡಿದರೆ ಕಾಟಯ್ಯ ಕೇಳಿದ್ದು ಇಷ್ಟೇ: ಬಿಗಿಯಾಗಿ ಸುತ್ತಿದ್ದ ಕಂಬಳಿಯನ್ನು ಕೊಂಚ ಸಡಿಲ ಬಿಡಬೇಕಾಗಿತ್ತು, ಸೆಕೆಯಾಗುತ್ತಿತ್ತು. ಬಿಟ್ಟ ಟಗರನ್ನು ಮತ್ತೆ ಕಟ್ಟಿಹಾಕುವ ಹಾಗಿಲ್ಲ. ಅದು ಊರವರ ಅವರೆ, ಕಡಲೆ ಎಲ್ಲ ಮೇಯ್ದುಕೊಂಡು ದೇವರ ಟಗರಾಗಿ ಮೆರೆಯಿತು. ಬೈಯುವವರೂ ಮೊದಲು ಕೈ ಮುಗಿದು ಆಮೇಲೆ ಬೈಯಬೇಕಾಯಿತು.

ಟಗರು ಹೋದದ್ದು ಹೋಗಲಿ. ಇಡೀ ಮಂದೆಯೇ ಹೋಗುವ ಮಾತು ಸಂಕ್ರಾಂತಿ ಕಳೆದ ಮೇಲೆ ಎದ್ದಿತು.

ಮನೆತನದ ರೂಢಿ ಹೀಗಿತ್ತು. ಹಿರಿಯನಿಗೆ ಮಂದೆಯ ಹಿಂದೆ ನಡೆಯಲು ಆಗದೆ ಹೋದಾಗ ಅವನು ರೊಪ್ಪದ ಬಾಯಲ್ಲಿ ನಿಂತು, ಹಟ್ಟಿಯ ಯಜಮಾನನ ಎದುರು, ಒಬ್ಬರ ಹೆಸರು ಹಿಡಿದು ‘ಮಂದೆ ಬಿಡು’ ಎಂದು ಹೇಳಬೇಕು. ಯಾರ ಹೆಸರು ಹೇಳಿದನೋ ಮಂದೆ ಅವರ ಕೈಗೆ, ಇಡಿಯಾಗಿ. ಸನ್ನೆ ನಡೆಯುವುದಿಲ್ಲ, ಇನ್ನೊಬ್ಬರು ಅವನ ಪರವಾಗಿ ಹೇಳುವುದೂ ನಡೆಯುವುದಿಲ್ಲ. ಬಾಯಿಂದ ಹೆಸರು ಬರದೆ ಹೋದರೆ ಯುಗಾದಿಯ ಮಾರನೆಯ ದಿನ ಮಂದೆ ಒಡೆದು ಪಾಲಾಗಬೇಕು. ಪಾಲಾಯಿತೆಂದರೆ ಮುಗಿಯಿತು. ಗೋವಿಂದಪ್ಪನ ಪಾಲು ಹಿರಿಯೂರಿನ ಸಂತೆಗೆ, ಉಳಿದ ದಾಯಾದಿಗಳ ಪಾಲು ಅಲ್ಲಲ್ಲಿಗೆ. ಕಾಟಯ್ಯ, ಅವನಪ್ಪ, ಅಜ್ಜ ತಳಿ ಕೆಡದಂತೆ ಕಾಯ್ದ ಆ ಕರಿಕುರಿಯ ಮಂದೆ ಚೆಲ್ಲಾಪಿಲ್ಲಿ.

“ನನಗೇನು ಆಸೆ ಇಲ್ಲ ಕಣವ್ವ,” ಎಂದ ಗೋವಿಂದಪ್ಪ, ಯಶೋದಾಳ ಮುಖ ನೋಡಲಾರದೆ. “ಹೇಳೋರು ಕೇಳೋರು ಇಲ್ಲದ ಮಂದೆ ಎಷ್ಟು ದಿನ ಇರ್ತೈತೆ? ಅಣ್ಣ ಒಂದು ಹೆಸರು ಹೇಳಿಬಿಡ್ಲಿ, ನಾನು ಮರುಮಾತಾಡಲ್ಲ.”

ಹಾಗೆ ನೋಡಿದರೆ ಮಂದೆಯನ್ನು ಹೇಳುವವರು ಕೇಳುವವರು ಇಲ್ಲದೆ ಯಾರೂ ಬಿಟ್ಟಿರಲಿಲ್ಲ. ಗಂಡ ಬಿದ್ದ ದಿನದಿಂದ ಮುದ್ದಕ್ಕನೇ ಬೆಳಿಗ್ಗೆ ಹೆಗಲಿಗೆ ಬುತ್ತಿ ಏರಿಸಿ ಕುರಿಯ ಹಿಂದೆ ಹೋಗುತ್ತಿದ್ದಳು. ಮರಿ ಹಾಕಿಸಿದಳು, ಕಾಲುಬೇನೆ ಬಂದಾಗ ಔಷಧಿ ಹಾಕಿದಳು, ಎರಡು ಸಲ ಚಿರತೆಯ ಸುಳಿವು ಕಂಡು ಮಂದೆಯನ್ನು ಗುಡ್ಡದ ಆಚೆಯಿಂದ ತಿರುಗಿಸಿಕೊಂಡು ಬಂದಳು. ಆದರೆ ಇದನ್ನು ಯಾರೂ ಎಣಿಕೆಗೆ ತರಲಿಲ್ಲ. ಹೆಂಗಸು ಮಾಡಿದ ಕೆಲಸ ಗಾಳಿಯ ಹಾಗೆ, ಇದ್ದಾಗ ಯಾರಿಗೂ ಕಾಣುವುದಿಲ್ಲ. ಸತ್ಯ ಹೇಳಬೇಕೆಂದರೆ ಓದಿದ ಮಗಳೂ ಎಣಿಕೆಗೆ ತರಲಿಲ್ಲ. ಅವಳ ಲೆಕ್ಕಾಚಾರವೇ ಬೇರೆ. ಗೋವಿಂದಪ್ಪನ ಮಗ ಜುಂಜೇಶ್ ಹಿರಿಯೂರಿನ ಗ್ಯಾರೇಜಿನಲ್ಲಿದ್ದ, ಒಳ್ಳೆಯ ಹುಡುಗ, ದೊಡ್ಡಪ್ಪ ಕರೆದರೆ ಬರುತ್ತೇನೆ ಎಂದಿದ್ದ. ಅಪ್ಪನ ಬಾಯಿಂದ ‘ಜುಂಜೇಶ, ಮಂದೆ ಬಿಡು’ ಎಂದು ಒಂದು ಸಲ ಹೊರಡಿಸಿದರೆ ಮಂದೆ ಒಡೆಯದೆ ಉಳಿಯುತ್ತದೆ. ಕೊನೆಯ ‘ಬಿಡು’ ಹೇಗೂ ಅಪ್ಪನ ಬಾಯಲ್ಲೇ ಇದೆ. ಬೇಕಾದದ್ದು ಅದಕ್ಕೆ ಮುಂಚಿನ ಎರಡು ಮಾತು.

ಚಿತ್ರದುರ್ಗದಲ್ಲಿ ಮಾತು ಹೋದವರಿಗೆ ಮಾತು ಕಲಿಸುವ ಮೋನಿಕಾ ಎನ್ನುವ ಹುಡುಗಿ ಇದ್ದಳು, ಯಶೋದಾಗಿಂತ ಎಷ್ಟೋ ಚಿಕ್ಕವಳು, ಆದರೆ ಕೆಲಸದಲ್ಲಿ ಗಟ್ಟಿಗಿತ್ತಿ. ಕಾಟಯ್ಯನ ಬಿಡು ಬಿಡುವನ್ನು ಬೇಸರವಿಲ್ಲದೆ ಕೇಳಿದ ಮೇಲೆ ಅವಳು ಹೇಳಿದಳು:

“ಈ ಒಂದು ಮಾತು ಉಳಿದಿದೆಯಲ್ಲ, ಇದನ್ನ ಶತ್ರು ಅನ್ಕೋಬೇಡಿ ಮೇಡಂ. ಇದೇ ಹಗ್ಗ. ಅವರಿಗೆ ಚೆನ್ನಾಗಿ ಗೊತ್ತಿರೋದು ಏನಾದ್ರೂ, ಹಾಡೋ ಕತೆಯೋ, ನೀವು ಅರ್ಧ ಹೇಳಿ ನಿಲ್ಲಿಸಿ. ಕೊನೇದು ಅವರು ತುಂಬಲಿ. ಆಮೇಲೆ ಕೊನೆಯಿಂದ ಹಿಂದಕ್ಕೆ ಒಂದೊಂದೇ ಮಾತು ಬಿಟ್ಕೊಡ್ತಾ ಬನ್ನಿ.”

ಯಶೋದಾಗೆ ಬಸ್ಸಿನಲ್ಲಿ ವಾಪಸಾಗುವಾಗ ಹೊಳಲ್ಕೆರೆ ಬರುವಷ್ಟರಲ್ಲಿ ಉಪಾಯ ಹೊಳೆಯಿತು. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಮಾತಿನ ಕೊನೆಗೆ. ‘ಬಿಡು’ ಎಂದು ಕೊನೆಯಾಗುವ ಮಾತುಗಳು ರಾಶಿರಾಶಿ ಇರುವ ಪುಸ್ತಕ ಅವಳ ಚೀಲದಲ್ಲೇ ಇತ್ತು, ಎಲ್ಲೆಲ್ಲಿವೆ ಎಂಬುದೂ ಬಾಯಿಪಾಠವಾಗಿತ್ತು. ಅಪ್ಪನಿಗೆ ಆ ಕತೆಯೂ ಗೊತ್ತು. ಇನ್ನೇನು ಬೇಕು?

ಅವತ್ತಿನಿಂದ ಕಾಲೇಜು ಬಿಟ್ಟ ತಕ್ಷಣ ಬಾಗೂರಿನ ಬಸ್ಸು ಹತ್ತುವುದು, ಹೊತ್ತು ಮುಳುಗುವ ಮುಂಚೆ ಹಟ್ಟಿ ಸೇರುವುದು, ಅದೇ ಕಲ್ಲಿನ ಮೇಲೆ ಕೂತು ಓದುವುದು. ಕಾಟಯ್ಯ ಎದುರಿಗೆ ಗೋಡೆಗೆ ಒರಗಿ ಕೂರುತ್ತಿದ್ದ.

“‘ರುದ್ರಣ್ಣಾ, ಪೈರು ಒಣಗ್ತಾ ಐತೆ, ಇನ್ನಾದರೂ ನೀರು...’” ಎಂದು ನಿಲ್ಲಿಸಿದಳು.

“ಬಿಡು,” ಎಂದ ಕಾಟಯ್ಯ. ಸುಮ್ಮನೆ ಅನ್ನಲಿಲ್ಲ, ಗದರಿಕೊಂಡು ಅಂದ. ಆ ಜಾಗದಲ್ಲಿ ಊರವರು ನೀರಗಂಟಿಯನ್ನು ಗದರಿಸುತ್ತಿದ್ದರು.

“‘ಹೋದ ಮಗು ಹೋಯಿತು. ಅಳಬೇಡ ತಾಯಿ, ಹೋಗಲಿ...’”

“ಬಿಡು.” ಈ ಸಲ ದನಿ ಮೆತ್ತಗಾಗಿತ್ತು.

ಯಶೋದಾಗೆ ಮೈ ಜುಂ ಎಂದಿತು. ಅಪ್ಪನ ಮಾತು ಹೋಗಿದೆಯೇ ಹೊರತು ಅಪ್ಪ ಎಲ್ಲಿಗೂ ಹೋಗಿಲ್ಲ. ಕತೆಯ ಮನುಷ್ಯರು ಯಾರು ಯಾರಿಗೆ ಯಾಕೆ ಬಿಡು ಅಂದರು ಎಂಬುದು ಅವನಿಗೆ ಪೂರ್ತಿ ತಿಳಿದಿದೆ. ಮಗಳು ಪುಸ್ತಕವನ್ನು ಎದೆಗೊತ್ತಿಕೊಂಡು, “ನಮ್ಮಪ್ಪ ಇದಾನೆ ಕಣವ್ವ, ಒಳಗೇ ಇದಾನೆ” ಎಂದು ತಾಯಿಗೆ ಹೇಳಿದಳು. ಮುದ್ದಕ್ಕ, “ಮತ್ತೆ ಎಲ್ಲೋಗ್ತಾರೆ?” ಎಂದು ಒಲೆಗೆ ಸೌದೆ ಒತ್ತಿದಳು.

ಆಮೇಲೆ ಯಶೋದಾ ಹಿಂದಕ್ಕೆ ಸರಿಯತೊಡಗಿದಳು. ‘ಇನ್ನಾದರೂ’ ಎನ್ನುವಲ್ಲಿಗೆ ನಿಲ್ಲಿಸಿದಳು. ಕಾಟಯ್ಯ ಬಾಯಿ ತೆರೆದ, ಮುಚ್ಚಿದ, ಬೆವರಿದ, ಸಿಟ್ಟಿನಿಂದ ಎಡಗೈಯಲ್ಲಿ ನೆಲ ಬಡಿದ. ದಿನಗಳು ಹೋದವು. ಒಂದು ಸಂಜೆ “ನೀ... ನೀರು ಬಿಡು” ಎಂದು ಬಂತು. ಮುದ್ದಕ್ಕ ಒಳಗಿಂದ ಚೊಂಬಿನಲ್ಲಿ ನೀರು ಹಿಡಿದು ಓಡಿ ಬಂದಳು. ಅದು ಕತೆಯ ನೀರು ಎಂದು ಹೇಳಲು ಮಗಳಿಗೆ ಮನಸ್ಸಾಗಲಿಲ್ಲ, ಕಾಟಯ್ಯನೂ ದಾಹವಿಲ್ಲದೆ ಗಟಗಟ ಕುಡಿದ.

ನೀರಿನ ಹಿಂದೆ ಹೂ ಬಂತು, ಮಾತು ಬಂತು, ಬಾಯಿ ಬಂತು, ಕಣ್ಣು ಬಂತು. ಎಲ್ಲವೂ ಬಿಡುವಿನ ಕೈ ಹಿಡಿದುಕೊಂಡೇ ಬಂದವು, ಹಬ್ಬಕ್ಕೆ ನೆಂಟರು ಒಬ್ಬರ ಹಿಂದೆ ಒಬ್ಬರು ಬಂದ ಹಾಗೆ. ಫೆಬ್ರವರಿಯ ಕೊನೆಗೆ ಪುಸ್ತಕದಲ್ಲಿ ಇಲ್ಲದ ಮಾತೊಂದು ಬಂತು. ರೊಪ್ಪದಲ್ಲಿ ಮರಿಯೊಂದು ಅರಚುತ್ತಿತ್ತು. ಕಾಟಯ್ಯ ತಿರುಗಿ ನೋಡಿ, ತಡವರಿಸಿ, “ಮರಿ ಬಿಡು” ಎಂದ. ತಾಯಿಕುರಿಯ ಹತ್ತಿರ ಮರಿಯನ್ನು ಬಿಡಲಿಲ್ಲವಲ್ಲ ಎಂದು ಅವನ ಆಕ್ಷೇಪ. ಅದು ಪುಸ್ತಕದ ಮಾತಲ್ಲ, ಅವನ ಸ್ವಂತದ್ದು. ಯಶೋದಾ ಎದ್ದು ಹೋಗಿ ಮರಿಯನ್ನು ಬಿಟ್ಟಳು, ಅಲ್ಲೇ ನಿಂತು ಕಣ್ಣೊರೆಸಿಕೊಂಡಳು. ಮಾರನೆಯ ದಿನ ತರಗತಿಯಲ್ಲಿ ಅವಳ ಪಾಠ ಕೇಳಿದ ಹುಡುಗರು ಬಿಡು ಮೇಡಂಗೆ ಏನಾಗಿದೆ ಇವತ್ತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇಷ್ಟೆಲ್ಲ ಬಂದರೂ ಬೇಕಾದದ್ದು ಬರಲಿಲ್ಲ. “ಜುಂಜೇಶ, ಮಂದೆ ಬಿಡು” ಎಂದು ಯಶೋದಾ ಹೇಳಿಕೊಡುತ್ತಿದ್ದಳು. ಕಾಟಯ್ಯ “ಮಂದೆ ಬಿಡು” ಅನ್ನುತ್ತಿದ್ದ, ಜುಂಜೇಶ ಅನ್ನುತ್ತಿರಲಿಲ್ಲ. ತುಟಿ ಬಿಗಿಹಿಡಿದು ಬೇರೆ ಕಡೆ ನೋಡುತ್ತಿದ್ದ. ಹೆಸರುಗಳು ತಡವಾಗಿ ಬರುತ್ತವೆ ಎಂದು ಮೋನಿಕಾ ಮೊದಲೇ ಹೇಳಿದ್ದಳು, ಆದ್ದರಿಂದ ಯಶೋದಾ ಅಪ್ಪನಿಗೆ ಆಗುತ್ತಿಲ್ಲ ಎಂದೇ ತಿಳಿದಳು. ಆಗುತ್ತಿಲ್ಲವೋ ಒಲ್ಲೆ ಅನ್ನುತ್ತಿದ್ದಾನೋ ಎಂದು ಒಮ್ಮೆಯಾದರೂ ಯೋಚಿಸಬೇಡವೇ? ಯೋಚಿಸಲಿಲ್ಲ. ಯುಗಾದಿ ಹತ್ತಿರ ಬಂದಂತೆ ಅವಳಿಗೆ ಹೆದರಿಕೆಯೇ ಹೆಚ್ಚಾಯಿತು.

ಅದರ ನಡುವೆ ಅವನಿಗೆ ಇನ್ನೊಂದು ಅಭ್ಯಾಸ ಹತ್ತಿಕೊಂಡಿತು. ಸಂಜೆ ಮಂದೆಯನ್ನು ಕೂಡಿ, ಮುದ್ದಕ್ಕ ಕೈಕಾಲು ತೊಳೆದು ಅಂಗಳಕ್ಕೆ ಬಂದಾಗ, ಅವಳ ಕಡೆಗೇ ನೋಡುತ್ತ “ಮು... ಮು...” ಅನ್ನುವನು. ಮುಂದಕ್ಕೆ ಹೋಗದು.

“ಹಸಿವಾಗೈತೆ ಪಾಪ,” ಎಂದು ಮುದ್ದಕ್ಕ ಮುದ್ದೆ ತಂದು ಇಡುವಳು. “ತಗಳ್ರಿ, ಉಣ್ರಿ. ಬಿಸಿ ಐತೆ.”

ಕಾಟಯ್ಯ ತಟ್ಟೆಯನ್ನು ದೂರ ತಳ್ಳುವನು. ಮತ್ತೆ ‘ಮು’ ಅನ್ನುವನು. ಅವಳು ಸಾರು ಸಪ್ಪೆಯಾಗಿದೆಯೇನೋ ಎಂದು ಉಪ್ಪು ತರುವಳು. ದಿನಾ ಇದೇ ಆಟ. ಕೊನೆಗೆ ಅವನೇ ಸೋತು ಮುದ್ದೆ ಮುರಿಯುವನು.

ಯುಗಾದಿ ಬಂತು, ಬೇವುಬೆಲ್ಲ ಹಂಚಿದ್ದಾಯಿತು. ಮಾರನೆಯ ಬೆಳಿಗ್ಗೆ ರೊಪ್ಪದ ಮುಂದೆ ಹಟ್ಟಿ ನೆರೆಯಿತು. ಯಜಮಾನ ಮುರುಗಪ್ಪ ಬಂದು ಕಂಬಳಿಯ ಮೇಲೆ ಕೂತ. ಗೋವಿಂದಪ್ಪ ತಲೆ ತಗ್ಗಿಸಿ ನಿಂತ, ಜುಂಜೇಶ್ ಹಿರಿಯೂರಿನಿಂದ ಬಂದು ಅಪ್ಪನ ಪಕ್ಕದಲ್ಲಿ ನಿಂತಿದ್ದ. ಪಾಲು ಮಾಡಬೇಕಾಗಿ ಬಂದರೆ ಕುರಿಗಳಿಗೆ ಗುರುತು ಹಾಕಲು ಕೆಮ್ಮಣ್ಣು ಕಲಸಿ ಇಟ್ಟಿದ್ದರು. ಮುದ್ದಕ್ಕ ಹೆಂಗಸರ ಜೊತೆ ಬೇಲಿಯ ಆಚೆ ನಿಂತಿದ್ದಳು. ಹೆಗಲಿಗೆ ಎಂದಿನಂತೆ ಬುತ್ತಿ ಏರಿಸಿದ್ದಳು. ಪಾಲಾದರೂ ಇವತ್ತು ಕುರಿಗಳಿಗೆ ಹೊಟ್ಟೆ ಇರುತ್ತದಲ್ಲ ಎಂದು ಬೆಳಿಗ್ಗೆಯೇ ಕಟ್ಟಿಕೊಂಡಿದ್ದಳಂತೆ.

ಕಾಟಯ್ಯ ಮಗಳ ಭುಜ ಹಿಡಿದು, ಕೋಲು ಊರಿ ಬಂದು ತಡಿಕೆಯ ಪಕ್ಕ ನಿಂತ. ಒಳಗೆ ಕುರಿಗಳು ಅವನ ವಾಸನೆ ಹಿಡಿದು ಒತ್ತಿಕೊಂಡು ಬಂದವು.

“ಕಾಟಯ್ಯ, ನಿನ್ನ ಮನೆತನದ ಪದ್ಧತಿ ನಿನಗೇ ಗೊತ್ತೈತೆ,” ಎಂದ ಮುರುಗಪ್ಪ. “ನಾವು ಅವಸರ ಮಾಡಲ್ಲ. ಬಂದ್ರೆ ಹೇಳು. ಬರದಿದ್ರೆ ಅದೂ ದೇವರಿಚ್ಛೆ.”

ಯಶೋದಾ ಅಪ್ಪನ ಕಿವಿಯ ಹತ್ತಿರ ಬಾಗಿ, “ಜು...” ಎಂದು ಎತ್ತಿಕೊಟ್ಟಳು. ಇನ್ನೊಬ್ಬರು ಎತ್ತಿಕೊಡಬಾರದು ಎಂದು ಮುರುಗಪ್ಪ ಕೈ ಎತ್ತುವ ಮೊದಲೇ ಕಾಟಯ್ಯ ಮಗಳನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದ. ಸಿಟ್ಟಿನಿಂದಲ್ಲ. ಚಿಕ್ಕವಳಿದ್ದಾಗ ಕುರಿಯ ಕಾಲಡಿ ಬಂದರೆ ಸರಿಸುತ್ತಿದ್ದನಲ್ಲ, ಹಾಗೆ.

ಅವನ ಕಣ್ಣು ಜನರ ಮೇಲೆ ಹಾಯಿತು. ಗೋವಿಂದಪ್ಪನನ್ನು ದಾಟಿತು, ಜುಂಜೇಶನನ್ನು ದಾಟಿತು, ಬೇಲಿಯ ಆಚೆ ಹೋಗಿ ನಿಂತಿತು. ಬಾಯಿ ತೆರೆಯಿತು.

“ಮು...” ಎಂದ. “ಮು...”

ಮುದ್ದಕ್ಕ ಗಾಬರಿಯಿಂದ ಬುತ್ತಿಯ ಗಂಟಿಗೆ ಕೈ ಹಾಕಿದಳು. ಈ ಹೊತ್ತಿನಲ್ಲಿ ಇವರಿಗೆ ಮುದ್ದೆ ಬೇಕೇ ಎಂದು ಅವಳ ಮುಖದ ಮೇಲೆ ಬರೆದ ಹಾಗಿತ್ತು. ಕಾಟಯ್ಯ ಅವಳ ಕೈಯನ್ನು ನೋಡಿ ತಲೆ ಅಡ್ಡ ಆಡಿಸಿದ. ಹಣೆಯ ನರ ಉಬ್ಬಿತು. ಕೋಲನ್ನು ನೆಲಕ್ಕೆ ಒತ್ತಿ, ಉಸಿರು ಎಳೆದುಕೊಂಡು, ಹಿಂದೆ ಬೆಳಿಗ್ಗೆ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದ.

“ಮುದ್ದಕ್ಕ. ಮಂದೆ ಬಿಡು.”

ಗಂಡನ ಬಾಯಲ್ಲಿ ಹೆಂಡತಿಯ ಹೆಸರು, ಅದೂ ನೆರೆದ ಹಟ್ಟಿಯ ಎದುರು. ಮುದುಕಿಯೊಬ್ಬಳು ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಯಶೋದಾಗೆ ಎಲ್ಲ ಒಟ್ಟಿಗೆ ತಿಳಿಯಿತು. ದಿನಾ ಸಂಜೆಯ ಆ ‘ಮು’ ಮುದ್ದೆಯದ್ದಲ್ಲ. ಅವಳು ಜುಂಜೇಶ ಎಂದು ಹೇಳಿಕೊಡುತ್ತಿದ್ದಾಗಲೆಲ್ಲ ಅಪ್ಪ ತನ್ನಷ್ಟಕ್ಕೆ ಬೇರೊಂದು ಹೆಸರನ್ನು, ಬದುಕಿಡೀ ಬಾಯಿಗೆ ತಾರದ ಹೆಸರನ್ನು, ಯಾರ ಸಹಾಯವೂ ಇಲ್ಲದೆ ಕಲಿಯುತ್ತಿದ್ದ. ಕಾಲೇಜಿನ ಮೇಡಂ ಕಲಿಸಿದ ಪಾಠವಲ್ಲ ಅದು. ಪುಸ್ತಕದ ನೀರಗಂಟಿ ಕೊನೆಯ ಪುಟದವರೆಗೂ ಹೇಳಲಾರದೆ ಹೋದದ್ದನ್ನು ಅವಳಪ್ಪ ಹೇಳಿದ್ದ.

“ಹೆಣ್ಣುಮಗಳ ಹೆಸರು ಅಲ್ವಾ...” ಎಂದು ಹಿಂದಿನಿಂದ ಯಾರೋ ಗೊಣಗಿದರು.

ಮುರುಗಪ್ಪ ತಿರುಗಿಯೂ ನೋಡಲಿಲ್ಲ. “ಬಾಯಿಂದ ಹೆಸರು ಬರ್ಬೇಕು ಅಂತಿತ್ತು. ಬಂತು. ಗಂಡಸಿನ ಹೆಸರೇ ಬರ್ಬೇಕು ಅಂತ ಯಾರೂ ಹೇಳಿಲ್ಲ. ಏನಪ್ಪ ಗೋವಿಂದಪ್ಪ?”

ಗೋವಿಂದಪ್ಪ ಕೆಮ್ಮಣ್ಣಿನ ಬೋಗುಣಿಯನ್ನು ಎತ್ತಿ ಬೇಲಿಯ ಬುಡಕ್ಕೆ ಸುರಿದ. “ಮರುಮಾತಾಡಲ್ಲ ಅಂದಿದ್ದೆ,” ಎಂದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, “ಬಾರವ್ವ, ಹೊತ್ತಾಯ್ತು. ಕುರಿ ಹಸ್ಕಂಡವೆ,” ಎಂದು ದಾರಿ ಬಿಟ್ಟ.

ಮುದ್ದಕ್ಕ ಬಂದಳು. ದಿನಾ ಸರಿಸುತ್ತಿದ್ದ ತಡಿಕೆಯೇ, ಆದರೆ ಅವತ್ತು ಅದಕ್ಕೆ ಕೈ ಹಚ್ಚುವ ಮುಂಚೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಂಡನ ಮುಖವನ್ನು ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದಳು. ತಡಿಕೆ ಸರಿಯಿತು. ಕರಿಕುರಿಗಳು ಒಂದರ ಮೇಲೊಂದು ಬಿದ್ದು ಹೊರಗೆ ನುಗ್ಗಿದವು. ಎಲ್ಲಿಂದಲೋ ದೇವರ ಟಗರೂ ಬಂದು, ಯಾರೂ ಕರೆಯದೆಯೇ ಮಂದೆಯ ಮುಂದೆ ನಡೆಯಿತು. ಮುದ್ದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಹಿಂದಿರುಗಿ ನೋಡದೆ ಗುಡ್ಡದ ದಾರಿ ಹಿಡಿದಳು. ತನ್ನ ತಾಯಿ ಇಷ್ಟು ಎತ್ತರದವಳು ಎಂದು ಯಶೋದಾಗೆ ಅವತ್ತೇ ಗೊತ್ತಾದದ್ದು.

ಅವಳು ಆ ದಿನ ಕಾಲೇಜಿಗೆ ರಜೆ ಹಾಕಿ ಹಟ್ಟಿಯಲ್ಲೇ ಉಳಿದಳು. ಮಧ್ಯಾಹ್ನ ಅಪ್ಪನಿಗೆ ಪುಸ್ತಕ ತೆಗೆದರೆ ಅವನು ಕೈ ಅಡ್ಡ ಮಾಡಿದ, ಇವತ್ತು ಬೇಡ ಎಂದು. 

ಸಂಜೆ ಮಂದೆ ತಿರುಗಿ ಬಂತು. ಕುರಿಗಳನ್ನು ಒಳಗೆ ಕೂಡಿ, ತಡಿಕೆ ಇಟ್ಟು, ಕೈಕಾಲು ತೊಳೆದು ಮುದ್ದಕ್ಕ ಅಂಗಳಕ್ಕೆ ಬರುವುದನ್ನೇ ಕಾಟಯ್ಯ ಕಾಯುತ್ತಿದ್ದ. ಅವಳು ಹೊಸ್ತಿಲು ಮುಟ್ಟುವಷ್ಟರಲ್ಲಿ, “ಮುದ್ದಕ್ಕ” ಎಂದ. ಬೆಳಿಗ್ಗೆಗಿಂತ ಸಲೀಸಾಗಿ ಬಂತು. ಖುಷಿಯಾಗಿ ಇನ್ನೊಂದು ಸಲ ಅಂದ, “ಮುದ್ದಕ್ಕ.” ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು.

“ಸಾಕು ಬಿಡ್ರಿ, ಹಟ್ಟಿಗೆಲ್ಲ ಕೇಳ್ತು,” ಎಂದಳು ಮುದ್ದಕ್ಕ.

ಸಾಕು ಅನ್ನುವ ದನಿ ಅದಾಗಿರಲಿಲ್ಲ. ಒಲೆಯ ಕಡೆ ತಿರುಗಿ ಮುದ್ದೆಗೆ ಎಸರಿಟ್ಟು, ಅವನು ಮತ್ತೆ ಕರೆಯುತ್ತಾನೇನೋ ಎಂದು ಅವಳು ಕಿವಿ ಕೊಟ್ಟು ನಿಂತಳು.